ಅರ್ಧ ಗಂಟೆಗೆ ಅರವತ್ತು ದಿರ್ಹಮ್

ಶಾರ್ಜಾ ಸ್ಟೇಡಿಯಮ್ಮಿನ ಗೇಟಿನಲ್ಲಿ
ನನ್ನ ಚೀಲದ ಸೀಟಿ ಸಿಕ್ಕಿಬಿತ್ತು.
ಇಪ್ಪತ್ತಾರು ವರ್ಷ ಚಿತ್ರದುರ್ಗ ಡಿಪೋದ ಬಸ್ಸುಗಳನ್ನು
ನಿಲ್ಲಿಸಿದ ಸೀಟಿ, ಹೊರಡಿಸಿದ ಸೀಟಿ.
ಇಲ್ಲಿ ನಡೆಯಲಿಲ್ಲ ಅದರ ಮಾತು.
ಪೆಶಾವರದ ಕಾವಲುಗಾರ ಅದನ್ನು ಡಬ್ಬಿಗೆ ಹಾಕಿ
ಚೀಟಿ ಬರೆದುಕೊಟ್ಟ.
ಲಕ್ಷಗಟ್ಟಲೆ ಹರಿದುಕೊಟ್ಟವಳು ನಾನು,
ಒಂದು ಚೀಟಿಯನ್ನು ರವಿಕೆಯೊಳಗೆ ಜೋಪಾನ ಮಾಡಿದೆ.

"ನಡಿಯೇ ತಿಪ್ಪಿ" ಎಂದಳು ನಫೀಸಾ.
ಊರಲ್ಲಿ ನಾನು ತಿಪ್ಪಮ್ಮಕ್ಕ,
ಹಾಜರಿ ಪುಸ್ತಕದಲ್ಲಿ ಬಿಲ್ಲೆ ನಂಬರು.
ತಿಪ್ಪಿ ಎಂಬವಳು
ಖೋ ಖೋ ಅಂಗಳದ ಐದನೇ ಚೌಕದಲ್ಲಿ
ಕೂತೇ ಇದ್ದಳೇನೋ, ಇಷ್ಟು ದಿನ.

ಒಳಗೆ ಹಗಲಿಗಿಂತ ಬೆಳಕು.
ಹುಲ್ಲು ಈಗಷ್ಟೇ ಇಸ್ತ್ರಿ ಮಾಡಿದಂತೆ.
ಚಾಳಿ ಬಿಡದೆ ತಲೆ ಎಣಿಸಿದೆ:
ಫುಟ್‌ಬೋರ್ಡಿನಲ್ಲೂ ಜಾಗವಿಲ್ಲ.
"ಮುಂದೆ ಹೋಗ್ರೀ, ಮುಂದೆ ಖಾಲಿ ಐತೆ"
ಬಾಯಿಗೆ ಬಂದದ್ದನ್ನು ಸಮೋಸದ ಜೊತೆ ನುಂಗಿದೆ.
ನಮ್ಮದು ಯಾವ ತಂಡವೇ ಅಂದರೆ
"ಸೋಲುತ್ತಿರುವುದು" ಎಂದಳು,
ಅವಳಿಗೆ ಮೊದಲಿನಿಂದಲೂ ಅದೇ ಪಕ್ಷ.

ಎಲ್ಲರೂ ಚೆಂಡು ನೋಡಿದರು.
ನಾನು ಬೌಂಡರಿಯಲ್ಲಿ ನಿಂತ ಹುಡುಗನ
ಹಿಮ್ಮಡಿ ನೋಡಿದೆ.
ಮೂರು ಓವರು ಅವನ ಕಡೆ ಒಂದು ಚೆಂಡೂ ಬರಲಿಲ್ಲ,
ಮೂರು ಓವರೂ ಆ ಹಿಮ್ಮಡಿ
ನೆಲಕ್ಕೆ ಊರಲಿಲ್ಲ.
ನಾಲ್ಕನೆಯದರಲ್ಲಿ ಬಂತು ನೋಡಿ, ಮುಗಿಲಿನಿಂದ!
ಹಿಡಿದ.
ಪಕ್ಕದ ಮಲಯಾಳಿ ಮುದುಕರು ನನ್ನ ಕೈ ಕುಲುಕಿದರು,
ಹಿಡಿದದ್ದು ನಾನೇ ಎಂಬಂತೆ.
ಇಲ್ಲವೆನ್ನಲು ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ಅಲ್ ಖಾನ್ ಹಿನ್ನೀರು.
ಗಾಜಿನ ಕಟ್ಟಡಗಳು ತಲೆಕೆಳಗಾಗಿ ಮೀಯುತ್ತಿದ್ದವು.
ಇಬ್ಬರು ಕೂರುವ ಪ್ಲಾಸ್ಟಿಕ್ ದೋಣಿ,
ಕೊತ್ತಂಬರಿ ಸೊಪ್ಪಿನ ಬಣ್ಣ,
ಅರ್ಧ ಗಂಟೆಗೆ ಅರವತ್ತು ದಿರ್ಹಮ್.
ಚೌಕಾಸಿ ಮಾಡಿ ಐವತ್ತಕ್ಕಿಳಿಸಿದಳು ನಫೀಸಾ;
ರೊಲ್ಲಾದ ಅಂಗಡಿಯಲ್ಲಿ ಅಬಾಯ ಹೊಲಿಯುವವಳಿಗೆ
ನೂಲೆಳೆಯ ಬೆಲೆಯೂ ಗೊತ್ತು.
ನೇಪಾಳದ ಹುಡುಗ ಜಾಕೆಟ್ ಬಿಗಿದ.
ಅದಕ್ಕೇ ಒಂದು ಕಿತ್ತಳೆ ಸೀಟಿ ಕಟ್ಟಿತ್ತು!
ಅಪಾಯವಾದರೆ ಊದಬೇಕಂತೆ.

ನಾನು ಮುಂದೆ, ಅವಳು ಹಿಂದೆ.
ನನ್ನ ಹುಟ್ಟು ಎಡಕ್ಕೆಂದರೆ ಅವಳದು ಬಲಕ್ಕೆ,
ದೋಣಿ ತಕ್ಕಡಿಯ ಮುಳ್ಳಿನಂತೆ ನಿಂತಲ್ಲೇ ತಿರುಗಿತು.
ನಕ್ಕು ನಕ್ಕು ಸುಸ್ತಾಗಿ ಸುಮ್ಮನಾದೆವು.
ನೀರು ತೆಳ್ಳಗೆ ಮುಟ್ಟುವ ಸದ್ದು ಮಾತ್ರ.

"ದಾವಣಗೆರೆ ಫೈನಲ್ ನೆನಪಿದೆಯಾ?"
ಬೆನ್ನ ಹಿಂದಿನಿಂದ.
ನೆನಪಿಲ್ಲದೆ ಏನು.
ಅವಳು ಖೋ ಅನ್ನುವ ಮೊದಲೇ ನಾನು ಎದ್ದಿದ್ದೆ.
ಫೌಲು. ಅಷ್ಟರಲ್ಲಿ ಆ ಉದ್ದಜಡೆಯವಳು
ಕಂಬ ದಾಟಿಬಿಟ್ಟಿದ್ದಳು.
ಒಂದೇ ಪಾಯಿಂಟು.
ಆ ಬೇಸಿಗೆಯಲ್ಲೇ ಅವಳ ನಿಕಾಹ್, ಹಡಗೋ ವಿಮಾನವೋ,
ಕ್ಷಮಿಸು ಅನ್ನಲು ವಿಳಾಸವಿರಲಿಲ್ಲ.

"ನೆನಪಿದೆ" ಅಂದೆ.
"ತಪ್ಪು ನಂದೇ ಕಣೆ.
ಕೈ ತಾಗಿತ್ತು. ಬಾಯಿ ಬರಲಿಲ್ಲ."

ಮೀನೊಂದು ಎಗರಿ, ಏನೂ ಕಾಣದವರಂತೆ ಮುಳುಗಿತು.
ನಾನು ತಿರುಗಿ ನೋಡಲಿಲ್ಲ,
ತಿರುಗಿದರೆ ದೋಣಿ ಮಗುಚುತ್ತದೆಂದು
ಹುಡುಗ ಹೇಳಿದ್ದ.

ಆಗ ಬೆನ್ನಿಗೆ ಒದ್ದೆ ಅಂಗೈ.
"ಖೋ!"
ಅಷ್ಟು ಜೋರಾಗಿ, ಬೆಳ್ಳಕ್ಕಿಗಳು ಎದ್ದವು.
ಏಳಲಾರದ ಜಾಗದಲ್ಲಿ ಏನು ಮಾಡಲಿ,
ಕಿತ್ತಳೆ ಸೀಟಿ ಬಾಯಿಗಿಟ್ಟು
ಎರಡು ಸಲ ಊದಿದೆ:
ನಮ್ಮ ಕಡೆ ಅದಕ್ಕೆ ರೈಟ್ ರೈಟ್ ಎಂದರ್ಥ.

ದಂಡೆಯಲ್ಲಿ ನೇಪಾಳದ ಹುಡುಗ
ಚಹಾದ ಲೋಟ ಬಿಸಾಡಿ
ಮೋಟಾರು ದೋಣಿಯ ಕಡೆ ಓಡಿದ.
ಪಾಪ, ಎಂಥ ಓಟ!
ಹಿಮ್ಮಡಿ ಮರಳಿಗೆ ತಾಗಲೇ ಇಲ್ಲ.