ಎಪ್ಪತ್ತು ಕಿಲೋ

ಆ ವರ್ಷ ಹಾಸ್ಟೆಲಿನ ಫೀಸು
ಮಗುವೊಂದಕ್ಕೆ ಎಪ್ಪತ್ತು ಕಿಲೋ ಮಾಂಸ.
ಅಪ್ಪ ಒಲೆಯ ಮುಂದೆ ಕೂತು ಬೆರಳು ಮಡಚಿದ:
ನಾಲ್ಕು ಟಗರು. ಇಬ್ಬರಿಗೆ ಎಂಟು.
ಇಬ್ಬರೂ ಹೋದರೆ ಮಿಕ್ಕವನ್ನು ಮೇಯಿಸುವವರಾರು?
ಮಡಚಿದ ಬೆರಳು ಬಿಚ್ಚದೆ ನನ್ನ ಕಡೆ ನೋಡಿದ.

ಅಕ್ಕ ಖಂದ್ಮಾ ರಷ್ಯದ ಹಳೇ ಲಾರಿಯಲ್ಲಿ
ತನ್ನ ಫೀಸಿನ ಜೊತೆಯಲ್ಲೇ ಕೂತು ಹೋದಳು.
ಕಾಲು ಕಟ್ಟಿಸಿಕೊಂಡ ನಾಲ್ಕೂ ಅವಳ ಹೊಸ ಲಂಗಕ್ಕೆ ಮೂತಿ ಒರೆಸುತ್ತಿದ್ದವು.
ಚಕ್ರದ ಜಾಡಿನ ಮೇಲೆ ಅಮ್ಮ ಹಾಲು ಚಿಮುಕಿಸಿದಳು.
ನಾನು ಅತ್ತೆ. ಅವಳಿಗಾಗಿ ಅಲ್ಲ,
ಕೊಂಬು ಮುರಿದ ಆ ಟಗರು ನನ್ನದು.

ಆಮೇಲೆ ಅಮ್ಮನ ಮೈಯ ಬಿಸಿ ಪೂರ್ತಿ ನನ್ನ ಪಾಲು.
ನಡುರಾತ್ರಿ ಎಚ್ಚರಾದರೆ ಯಾರೋ ಒಬ್ಬರು ಎದ್ದಿರುತ್ತಿದ್ದರು.
ಕುದುರೆಯ ಕಂದು ಬಣ್ಣಕ್ಕೆ ಹನ್ನೊಂದು ಹೆಸರು ಕಲಿತೆ,
ಗಾಳಿ ಮೂಸಿ ಹಿಮ ಎಂದು ಬಿದ್ದೀತೆಂದು ಹೇಳಲು ಕಲಿತೆ,
ಅಪ್ಪ ಕುಡಿದು ಬಂದ ರಾತ್ರಿ ಯಾವ ಮೂಲೆ ಸೇರಬೇಕೆಂದು...
ದುಂಡನೆಯ ಉಣ್ಣೆಗುಡಾರಕ್ಕೆ ಮೂಲೆಯೇ ಇಲ್ಲ.
ಅದನ್ನೂ ಕಲಿತೆ.

ಅವಳು ಕಲಿತದ್ದು ಗುಣಾಕಾರ. ಹೇನು.
ಒಂದು ಮಂಚಕ್ಕೆ ಇಬ್ಬರು, ಒಬ್ಬಳ ತಲೆಗೆ ಇನ್ನೊಬ್ಬಳ ಕಾಲು.
ಒಣಮೊಸರಿನ ಒಂದು ಗಟ್ಟಿಯನ್ನು
ಕಚ್ಚದೆ ಒಂದು ವಾರ ಚೀಪುವುದು.
ಮೊದಲ ರಜೆಗೆ ಬಂದಾಗ ದೂರದಲ್ಲೇ ನಿಂತು
"ನಾಯಿ ಹಿಡಿದುಕೊಳ್ಳಿ" ಎಂದು ನೆಂಟರ ಹಾಗೆ ಕೂಗಿದಳು.
ನಾಯಿ ಬೊಗಳುತ್ತಿತ್ತು. ಹುಟ್ಟಿದಾಗ ಅದಕ್ಕೆ ಹೆಸರಿಟ್ಟವಳು ಅವಳೇ.

ಅಮ್ಮ ಸತ್ತ ಹದಿನಾರನೇ ದಿನಕ್ಕೆ ಬಂದು ತಲುಪಿದಳು.
"ಚಹಾಕ್ಕೆ ಮೊದಲು ಉಪ್ಪು ಹಾಕುತ್ತಿದ್ದಳಾ, ಹಾಲಾ?"
ಅದೊಂದನ್ನೇ ಕೇಳಿದಳು.
ನನಗೆ ಗೊತ್ತಿತ್ತು. ಹೇಳಲಿಲ್ಲ.
ಅವಳ ಹತ್ತಿರ ಇಲ್ಲದ್ದು
ಒಂದಾದರೂ ನನ್ನ ಹತ್ತಿರ ಇರಲಿ ಎಂದು.

ಈಗ ಅವಳು ಜಿಲ್ಲೆಯ ಕಚೇರಿಯ ಗಾಜಿನ ಆಚೆ, ನಾನು ಈಚೆ.
ಕುರಿಗಳ ವಿಮೆಯ ಫಾರಂ ಓದಿ ಹೇಳುತ್ತಾಳೆ,
ಮೆಲ್ಲಗೆ, ಹಿಂದೆ ನಿಂತವರಿಗೆ ಕೇಳದ ಹಾಗೆ.
ಎಲ್ಲಿ ಸಹಿ ಎಂದು ಉಗುರಿನಿಂದ ತೋರಿಸುತ್ತಾಳೆ.

ಮೊನ್ನೆ ಕೇಳಿಯೇಬಿಟ್ಟೆ:
ಸೆಲ್ಮೆಗ್‌ಗೆ ಆರು ತುಂಬಿತು. ಈಗ ಮಾಂಸ ಕೇಳುವುದಿಲ್ಲ,
ಒಬ್ಬೊಬ್ಬರಿಗೂ ಒಂದೊಂದು ಮಂಚವಂತೆ. ಕಳಿಸಲಾ?
ಮುದ್ರೆ ಒತ್ತುವ ಕೈ ಅರ್ಧದಲ್ಲೇ ನಿಂತಿತು.
"ನನಗೆ ಇವತ್ತಿಗೂ ಒಬ್ಬಳೇ ಮಲಗಿದರೆ ನಿದ್ದೆ ಬಾರದು" ಎಂದಳು.
ಆಮೇಲೆ, "ಕಳಿಸು."
ಆಮೇಲೆ, "ಬೇಡ, ಇನ್ನೊಂದು ವರ್ಷ ಇರಲಿ."
ಅಷ್ಟರಲ್ಲಿ ಹಿಂದಿನವರು ಕೆಮ್ಮಿದರು.

ಮಗಳು ಹೊಸ ಬೂಟು ಬಿಚ್ಚದೆಯೇ ಮಲಗಿಬಿಟ್ಟಿದ್ದಾಳೆ.
ಹೆಂಡತಿ ಚೀಲದ ಮೇಲೆ ಹೆಸರು ಹೊಲಿಯುತ್ತಿದ್ದಾಳೆ,
ಒಂದು ಅಕ್ಷರ ಹೊಲಿದು, ಬಿಚ್ಚಿ, ಮತ್ತೆ ಹೊಲಿದು.
ಬೆಳಿಗ್ಗೆ ಗಾಡಿ ಬರುವ ಮುಂಚೆ
ಮಗಳನ್ನು ಒಲೆಯ ಪಕ್ಕ ಕೂರಿಸಿಕೊಂಡು ತೋರಿಸಬೇಕು:
ನೋಡು, ಮೊದಲು ಉಪ್ಪು.

ಅಕ್ಕನಿಗೂ ಹೇಳಬೇಕು.
ಅದಕ್ಕೆ ಗುಡ್ಡ ಹತ್ತಬೇಕು,
ಸಿಗ್ನಲ್ಲು ಅಲ್ಲಿ ಮಾತ್ರ.