ಮ್ಯಾಚಿಂಗ್

ದಾದರಿನ ಮ್ಯಾಚಿಂಗ್ ಸೆಂಟರಿನಲ್ಲಿ
ಹತ್ತೊಂಬತ್ತು ವರ್ಷ ನಿಂತವಳು ನಾನು.
ಸೀರೆಯ ಸೆರಗು ಬಿಚ್ಚಿ ಕೌಂಟರಿಗೆ ಹಾಕಿದರೆ ಸಾಕು,
ಇನ್ನೂರು ಥಾನುಗಳ ನಡುವೆ ಕೈ ತಾನೇ ಹೋಗಿ
ಒಂದು ರುಬಿಯಾ ಎಳೆಯುತ್ತದೆ.
ಗಿಣಿಹಸಿರಲ್ಲೇ ಹದಿನಾಲ್ಕು ಬಗೆ ಇದೆ ಅಂದರೆ
ನೀವು ನಂಬಲಿಕ್ಕಿಲ್ಲ.

ಲ್ಯಾಮಿಂಗ್ಟನ್ ರೋಡಿನ ಎರಡನೇ ಮಾಳಿಗೆಯ ಈ ಗೂಡಿನಲ್ಲಿ
ಇವತ್ತು ನಾನೇ ಗಿರಾಕಿ. ಮುಂದಿರುವುದೆಲ್ಲ ಕಪ್ಪು.
ಕಪ್ಪು ಡಬ್ಬ, ಕಪ್ಪು ಹಲಗೆ, ಕಪ್ಪು ಫ್ಯಾನು.
ಪರ್ಸಿನ ಒಳಜೇಬಿನಲ್ಲಿ ಭಿಶಿಯ ಮೂವತ್ತೆರಡು ಸಾವಿರ.
ಪಕ್ಕದಲ್ಲಿ ಶ್ರಿಯಾ, ಹತ್ತನೆಯದು ಮುಗಿಸಿದವಳು;
ಅವಳ ಗಣಿತದ ನೋಟಿನ ಕೊನೆಯ ಪುಟದಲ್ಲಿ
ಬರೆದು, ಹೊಡೆದು, ಮತ್ತೆ ಬರೆದ ಪಟ್ಟಿ.

“ಸಾಕೆಟ್ಟಿಗೆ ಪ್ರೊಸೆಸರ್ ಕೂಡಬೇಕಮ್ಮ,
ಬೋರ್ಡಿಗೆ ರ‍್ಯಾಮ್ ಕೂಡಬೇಕು,
ಬೋರ್ಡು ಡಬ್ಬದೊಳಗೆ ಹೋಗಬೇಕು.”
ಗೊತ್ತು ಮಗಳೇ.
ಅಸ್ತರು ಕುಗ್ಗಿದರೆ ರೇಷ್ಮೆಯೂ ಸುಕ್ಕಾಗುತ್ತದೆ.

ಅಂಗಡಿಯ ಪರ್ವೇಜ್ ಹೊಸ ತಳಿಯ ರ‍್ಯಾಮ್ ಮುಂದೆ ಸರಿಸಿದ:
“ಇದು ಫಾಸ್ಟ್ ಆಂಟಿ, ಈಗ ಎಲ್ಲರೂ ಇದೇ.”
ಅದನ್ನೂ ಪಟ್ಟಿಯಲ್ಲಿದ್ದುದನ್ನೂ ಹಿಡಿದು ಕಿಟಕಿಗೆ ಹೋದೆ.
ಅಭ್ಯಾಸಬಲ. ಟ್ಯೂಬ್‌ಲೈಟು ಸುಳ್ಳು ಹೇಳುತ್ತದೆ.
ಶ್ರಿಯಾ ನಾಚಿಕೆಯಿಂದ ನೆಲ ನೋಡಿದಳು.
ಬಣ್ಣ ಒಂದೇ, ಉದ್ದ ಒಂದೇ,
ಚಿನ್ನದ ಹಲ್ಲುಗಳ ನಡುವಿನ ಕಚ್ಚು ಮಾತ್ರ
ಒಂದರಲ್ಲಿ ಅಕ್ಕಿಕಾಳಿನಷ್ಟು ಆಚೆ.
“ಇದು ಆ ಬೋರ್ಡಿನಲ್ಲಿ ಕೂರುವುದಿಲ್ಲ” ಅಂದೆ.
ಪರ್ವೇಜ್ ನಕ್ಕು ಹಳೆಯದನ್ನೇ ತೆಗೆದ.
“ಎಂಟೆಂಟರ ಜೋಡಿ ಕೊಡಿ, ಹದಿನಾರರ ಒಂಟಿ ಬೇಡ”
ಅಂದಳು ಇವಳು, ತಲೆ ಎತ್ತಿ.

ಗಾಜಿನ ಕಪಾಟಿನಲ್ಲಿ ಒಂದು ಗ್ರಾಫಿಕ್ಸ್ ಕಾರ್ಡ್,
ಮೂರು ಫ್ಯಾನು, ಕೆಂಪು ದೀಪ,
ನನ್ನ ಎರಡೂವರೆ ತಿಂಗಳ ಪಗಾರ.
ಅವಳು ಬೆಲೆ ಕೇಳಲಿಲ್ಲ.
ಬೆಲೆ ಕೇಳದವರ ಕಣ್ಣು ನನಗೆ ಗೊತ್ತು,
ದಿನಾ ಕೌಂಟರಿನ ಈಚೆಯಿಂದ ನೋಡುತ್ತೇನೆ.
“ಕಾರ್ಡ್ ಆಮೇಲೆ. ಚಿತ್ರ ತೋರಿಸುವ ಪ್ರೊಸೆಸರೇ ಇದೆ, ಸಾಕು.
ಪವರ್ ಸಪ್ಲೈ ಮಾತ್ರ ದೊಡ್ಡದೇ ಬೇಕು.”
ಇಲ್ಲದ ಕಾರ್ಡಿಗೆ ಈಗಲೇ ಯಾಕೆ ಕರೆಂಟು?
ಬಾಯಿಗೆ ಬಂದದ್ದನ್ನು ನುಂಗಿದೆ.

ಇವಳ ಶಾಲೆಯ ಅಂಗಿಗಳಿಗೆಲ್ಲ
ಒಳಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಬಿಡುತ್ತಿದ್ದೆ.
ಪ್ರತಿ ಜೂನಿಗೆ ಬಿಚ್ಚಿ ಅಗಲ ಮಾಡಿದರೂ
ಹಳೆಯ ಹೊಲಿಗೆಯ ಗೆರೆ ಹೋಗುತ್ತಿರಲಿಲ್ಲ.
ಆ ಗೆರೆಯೆಂದರೆ ಅವಳಿಗೆ ಆಗುತ್ತಿರಲಿಲ್ಲ,
ಬ್ಯಾಗಿನ ಪಟ್ಟಿಯಡಿ ಮುಚ್ಚಿಕೊಳ್ಳುತ್ತಿದ್ದಳು.

“ದೊಡ್ಡದೇ ಕೊಡಿ” ಅಂದೆ.

ಕಲ್ವಾದ ಸ್ಲೋ ಲೋಕಲಿನಲ್ಲಿ ಡಬ್ಬ ತೊಡೆಯ ಮೇಲೆ.
ಖಾಲಿ ಬುಟ್ಟಿಯ ಮೀನಿನ ಬಾಯಿ ಕೇಳಿದಳು, ಓವನ್ನಾ?
ಹೌದು ಅಂದುಬಿಟ್ಟೆ, ವಿವರಿಸಲು ಠಾಣೆವರೆಗೆ ಸಾಲದು.

ರಾತ್ರಿ ಚಾಪೆಯ ಮೇಲೆ ಎಲ್ಲ ಹರಡಿ ಕೂತೆವು,
ಸ್ಕ್ರೂಗಳು ನನ್ನ ಗುಂಡಿ ಡಬ್ಬಿಯಲ್ಲಿ.
ರ‍್ಯಾಮ್ ಒತ್ತಲು ಅವಳಿಗೆ ಭಯ, ಮುರಿದೀತು ಅಂತ.
ನನ್ನ ಹೆಬ್ಬೆರಳು ಒತ್ತಿತು: ಟಿಕ್,
ಥೇಟ್ ಪ್ರೆಸ್ ಬಟನ್.
ಸ್ವಿಚ್ ಹಾಕಿದರೆ ಏನೂ ಇಲ್ಲ.
ಐದು ನಿಮಿಷ ಇಬ್ಬರೂ ಉಸಿರೆತ್ತಲಿಲ್ಲ.
ಆಮೇಲೆ ಡಬ್ಬದ ಬೆನ್ನಿನಲ್ಲಿ ಇನ್ನೊಂದು ಸ್ವಿಚ್ ಸಿಕ್ಕಿತು.

ನನ್ನ ಧಾರಾವಾಹಿಯ ಟೀವಿಯಲ್ಲೀಗ ಒಂದು ಕಾರು ಓಡುತ್ತಿದೆ.
(ಎಂಟರಿಂದ ಒಂಬತ್ತು ನನ್ನದು, ಕರಾರಾಗಿದೆ.)
“ಎಲ್ಲ ಲೋದಲ್ಲಿ ಇಟ್ಟಿದ್ದೇನಮ್ಮ, ಗುಡ್ಡ ಸ್ವಲ್ಪ ಮಸುಕು,
ಕಾರ್ಡ್ ಬಂದ ಮೇಲೆ ಎಲೆ ಎಲೆಯೂ ಕಾಣುತ್ತದೆ.”

ನಾನು ಆ ಗುಡ್ಡವನ್ನೇ ನೋಡುತ್ತಿದ್ದೆ.
ಗಿಣಿಹಸಿರಲ್ಲ ಅದು.
ಮೂರನೇ ಕಪಾಟು, ಮೇಲಿಂದ ಎರಡನೇ ಥಾನು.