ಮೂರನೆಯ ಮಡಿಕೆ

ಪದಗಳೇ ಇರಲಿಲ್ಲ ಆ ಹಾಡಿಗೆ.
ಯಾ ಬಾ ಬಾಮ್, ಅಷ್ಟೆ.
ಪದ ಹಾಕಿದರೆ ದೇವರು ಅರ್ಥ ಹುಡುಕುತ್ತಾ ಕೂರುತ್ತಾನೆ,
ಕೇಳುವುದನ್ನೇ ಮರೆಯುತ್ತಾನೆ,
ಅನ್ನುತ್ತಿದ್ದ ಅಪ್ಪ,
ಹಲ್ಲಲ್ಲಿ ಕಚ್ಚಿಕೊಂಡ ದಾರದ ಸಂದಿಯಿಂದ.

ಲೀಡ್ಸಿನ ಹೊಲಿಗೆ ಕಾರ್ಖಾನೆಯಲ್ಲಿ ಅವನದು ಕಾಜಾ ಕೆಲಸ.
ಯಾರ ಯಾರದೋ ಕೋಟುಗಳಿಗೆ ದಿನಕ್ಕೆ ಇನ್ನೂರು ಕಣ್ಣು ಬಿಡಿಸುವನು.
ತನ್ನ ಕೋಟಿಗೆ ಮಾತ್ರ ಸೇಫ್ಟಿ ಪಿನ್ನು.

ಹಾಡಿಗೆ ಮೂರು ಮಡಿಕೆ.
ಮೊದಲನೆಯದು ತಗ್ಗಿನಲ್ಲಿ, ನೆಲ ಗುಡಿಸಿದ ಹಾಗೆ.
ಎರಡನೆಯದು ಮೆಟ್ಟಿಲು ಹತ್ತಿ ಮೇಲೆ ಹೋಗುತ್ತದೆ,
ಯಾಕೆ ಬಂದೆ ಎಂದು ಮರೆತು
ಹಾಗೇ ಇಳಿದು ಬರುತ್ತದೆ.
ಮೂರನೆಯದು ನನಗೆ ಗೊತ್ತಿರಲಿಲ್ಲ.

ಶನಿವಾರ, ಇಳಿಹೊತ್ತು. ದೀಪ ಮುಟ್ಟುವಂತಿಲ್ಲ.
ಮುಂದಿನ ಕೋಣೆಯಲ್ಲಿ ಎಂಟೊಂಬತ್ತು ಗಂಡಸರು,
ಉಪ್ಪುಮೀನು, ನಿನ್ನೆಯ ಜಡೆಬ್ರೆಡ್ಡಿನ ಒಣಚೂರು.
ಕತ್ತಲು ಎಲ್ಲರ ಗಡ್ಡವನ್ನೂ ಒಂದೇ ಗಡ್ಡ ಮಾಡಿದ ಮೇಲೆ
ಮೇಜಿಗೆ ಬೆರಳು ತಟ್ಟುತ್ತಾ ಶುರುಮಾಡುವರು.
ಹೊರಟುನಿಂತ ಸಬ್ಬತ್ತನ್ನು ಸೆರಗು ಹಿಡಿದು
ಇನ್ನೊಂದು ಗಳಿಗೆ ನಿಲ್ಲಿಸಿಕೊಳ್ಳುವ ಆಸೆ.

ಎರಡನೆಯ ಮಡಿಕೆ ಇಳಿಯುವಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ:
"ಹಿಂಡೆಲ್, ಹೋಗು, ನಕ್ಷತ್ರ ನೋಡಿ ಬಾ."
ಮೂರು ಕಂಡರೆ ಸಬ್ಬತ್ತು ಮುಗಿದಂತೆ.
ಒಲೆ ಹಚ್ಚಬಹುದು, ದುಡ್ಡು ಮುಟ್ಟಬಹುದು.
ಗಿರಣಿ ಹೊಗೆಯ ಅಡಿಯಲ್ಲಿ, ಹಿತ್ತಿಲ ಕಕ್ಕಸಿನ ಗೋಡೆಗೆ ಒರಗಿ
ಕತ್ತು ನೋಯುವ ತನಕ ಆಕಾಶ ಕಾಯುತ್ತಿದ್ದೆ.
ಒಳಗೆ ಮೂರನೆಯದು ನಡೆಯುತ್ತಿತ್ತು, ನಾನಿಲ್ಲದೆ,
ವಾರವಾರವೂ, ಹನ್ನೊಂದು ವರ್ಷ.

ಆ ದಿನ ಯಂತ್ರ ಮುಟ್ಟುವ ಹಾಗಿಲ್ಲ;
ಉಳಿದ ದಿನ ಆ ಹಾಡು ಅವರ ಬಾಯಿಗೆ ಬರುವುದಿಲ್ಲ.
ಯಾವ ಟೇಪಿನಲ್ಲೂ ಉಳಿಯಲಿಲ್ಲ.
ಹಾಡಿದವರೆಲ್ಲ ಈಗ ಗಿಲ್ಡರ್ಸಮ್ಮಿನ ಹುಲ್ಲಿನಡಿ.

ಹೋದ ಅಕ್ಟೋಬರಿನಲ್ಲಿ ವೃದ್ಧಾಶ್ರಮಕ್ಕೆ ಹೋದದ್ದು
ಬೇರೆ ಯಾರನ್ನೋ ನೋಡಲು.
ಕಿಟಕಿಯ ಬಳಿ ಬ್ರೈಡಿ ಕ್ವಿನ್ಲನ್, ತೊಂಬತ್ತೆರಡು,
ಐರ್ಲೆಂಡಿನ ಮೇಯೋ ಕಡೆಯವಳು, ಎದೆಯ ಮೇಲೆ ಶಿಲುಬೆ.
ನಮ್ಮ ಬೀದಿಯ ಒಲೆಗಳಿಗೆಲ್ಲ ಸಬ್ಬತ್ತಿನ ದಿನ
ಕಡ್ಡಿ ಗೀರುತ್ತಿದ್ದವಳು.
ಮೊಣಕಾಲಿಗೆ ಬೆರಳು ತಟ್ಟುತ್ತಾ
ನೆಲ ಗುಡಿಸಿದಳು, ಮೆಟ್ಟಿಲು ಹತ್ತಿದಳು, ಇಳಿದಳು,
ನಿಲ್ಲಲಿಲ್ಲ.

"ನನ್ನ ಆರು ಪೆನ್ಸ್ ಬಾಕಿ ಇರುತ್ತಿತ್ತಲ್ಲ," ಎಂದಳು ಆಮೇಲೆ.
"ನಕ್ಷತ್ರ ಮೂಡದೆ ನಿಮ್ಮಮ್ಮ ಕೊಡುವಂತಿಲ್ಲ.
ಮಹಡಿ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದೆ.
ಕಾಯುವವಳು ಕಿವಿ ಎಲ್ಲಿ ಬಿಚ್ಚಿಡಬೇಕು?
ಐದು ಮಕ್ಕಳನ್ನು ಇದರಲ್ಲೇ ಮಲಗಿಸಿದೆ."

ಎತ್ತರದ್ದೇನಲ್ಲ ಮೂರನೆಯದು, ಇಷ್ಟು ಕಾಲ ನಾನು ಅಂದುಕೊಂಡಂತೆ.
ಒಂದೇ ಸ್ವರದ ಮೇಲೆ ಬಹಳ ಹೊತ್ತು ನಿಲ್ಲುತ್ತದೆ,
ಬಾಗಿಲಲ್ಲಿ ಕೊಡೆ ಹುಡುಕುವ ನೆಂಟನ ಹಾಗೆ
ಬರುತ್ತೇನೆ, ಬರುತ್ತೇನೆ ಅನ್ನುತ್ತಾ
ಹೊರಡುವುದೇ ಇಲ್ಲ.
ಕೊನೆಗೊಂದು ಸಣ್ಣ ಕೊಂಕು. ಅದು ಅವಳ ಊರಿನದು,
ಅಪ್ಪನದಲ್ಲ.

ನಮ್ಮ ಪ್ರಾರ್ಥನಾ ಮಂದಿರದಲ್ಲಿ ಉಳಿದಿರುವವರು ಏಳು ಜನ.
ಚಹಾ ಹೊತ್ತಿನಲ್ಲಿ ಹಾಡಿ ತೋರಿಸಿದೆ.
ಝೆಲಿಗ್ ಮೂಗು ಮುರಿದ: "ಬಾಲ ನಮ್ಮದಲ್ಲ, ಕತ್ತರಿಸು."
ಕಾಜಾದ ಅಂಚಿನಲ್ಲಿ ಬಿಟ್ಟ ನೂಲು ಎಳೆದರೆ
ಕಣ್ಣೇ ಬಿಚ್ಚಿಹೋಗುತ್ತದೆ, ಮಾರಾಯ.
ಕತ್ತರಿಸಲಿಲ್ಲ.

ಒಂದು ಮಾತು ಬ್ರೈಡಿಗೂ ಹೇಳಿಲ್ಲ.
ಯಾವುದೋ ಜನವರಿ, ಕಾಲ್ಬೆರಳು ಸೆಟೆದು ಕಡ್ಡಿಯಾಗಿ,
ಎರಡೇ ಕಂಡಿದ್ದವು.
ಮೂರು ಅಂದೆ.
ಒಳಗೆ ಹಾಡು ನಡುವಲ್ಲೇ ತುಂಡಾಯಿತು.
ಅಪ್ಪ ಎದ್ದು ಕಿಟಕಿ ನೋಡಿದ,
ನನ್ನನ್ನು ನೋಡಿದ,
ಹೆಣೆದ ಮೇಣದಬತ್ತಿಗೆ ಕಡ್ಡಿ ಗೀರಿದ.
ಬ್ರೈಡಿ ಅವತ್ತು ಬೇಗ ಮನೆಗೆ ಹೋದಳು,
ಆರು ಪೆನ್ಸ್ ಮುಷ್ಟಿಯಲ್ಲಿ ಹಿಡಿದು.